ಹೂ ಬಿದ್ದ ಕಣ್ಣು

ಅದು ಶುರುವಾದದ್ದು ಬೇಸಿಗೆ ಭತ್ತದ ಕೊಯ್ಲಿನ ಕಾಲದಲ್ಲಿ, ಬೆಳಗಿನ ಎಂಟು ಗಂಟೆಗೆ. ಎಂಬತ್ತಾರನೆಯ ಇಸವಿ. ಯುಗಾದಿ ಕಳೆದು ಇಪ್ಪತ್ತು ದಿನವಾಗಿತ್ತು. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಅಂಗಡಿಯ ಹಲಗೆ ತೆಗೆದು, ಮುಂದೆ ನೀರು ಹೊಡೆದು, ಗಾಜು ಕೊಯ್ಯುವ ಮೇಜು ಒರೆಸುತ್ತಿದ್ದೆ. ಬಳಗಾನೂರಿನ ಮೊದಲ ಬಸ್ಸಿಗೆ ಬಂದ ಒಬ್ಬ ಎತ್ತರದ ಮನುಷ್ಯ, ಹೆಗಲ ಮೇಲೆ ಕಂಬಳಿ, ಪಕ್ಕದ ಸ್ಟುಡಿಯೋ ಬಾಗಿಲು ಇನ್ನೂ ಹಾಕಿರುವುದನ್ನು ನೋಡಿ ನನ್ನ ಕಡೆ ತಿರುಗಿದ. ಫೋಟೋದ ಸಾಬರು ಎಷ್ಟೊತ್ತಿಗೆ ಬರುತ್ತಾರೆ ಎಂದು ಕೇಳಿದ. ಅವನ ತಮ್ಮ ಹಿಂದಿನ ದಿನ ಸಂಜೆ ತೀರಿಕೊಂಡಿದ್ದ. ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೋ ಆಗಬೇಕಿತ್ತು.

ಆ ಮನುಷ್ಯನ ಹೆಸರು ಮಾಳಿಂಗಪ್ಪ. ತೀರಿಕೊಂಡ ತಮ್ಮ ದುರುಗಪ್ಪ. ಕುರಿ ಕಾಯುವ ಮನೆತನ.

ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಪಕ್ಕದ ಸ್ಟುಡಿಯೋ ಚಾಂದ್‌ಪಾಷಾ ಅವರದು. ಎರಡಕ್ಕೂ ನಡುವೆ ಒಂದೇ ಗೋಡೆ. ಅವರು ಮಾಡಿದ ಮುಖಗಳೆಲ್ಲ ಮೊದಲು ನನ್ನ ಮೇಜಿಗೆ ಬಂದು, ಗಾಜು ರಟ್ಟು ಕಟ್ಟಿಸಿಕೊಂಡು, ಆಮೇಲೆ ಮನೆಗಳಿಗೆ ಹೋಗುತ್ತಿದ್ದವು. ಹೀಗಾಗಿ ಅವರ ಕೆಲಸವನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಅವರು ಲಿಂಗಸುಗೂರಿನವರು. ಅಲ್ಲಿ ಸೋದರಮಾವನ ಸ್ಟುಡಿಯೋದಲ್ಲಿ ಹನ್ನೆರಡು ವರ್ಷ ಫಿಲ್ಮು ತೊಳೆದು, ಎಪ್ಪತ್ತೆಂಟರಲ್ಲಿ ಸಿಂಧನೂರಿಗೆ ಬಂದರು. ಆಗ ಊರಿಗೆ ಕಾಲುವೆಯ ನೀರು ಬಂದು, ಸುತ್ತ ವಲಸೆ ಬಂದ ಆಂಧ್ರದ ರೈತರ ಕ್ಯಾಂಪುಗಳಾಗಿ, ಭತ್ತದ ಗಿರಣಿಗಳು ಎದ್ದು, ಮದುವೆ ಮುಂಜಿಗೆ ಫೋಟೋ ತೆಗೆಸುವ ರೂಢಿ ಬೆಳೆಯುತ್ತಿತ್ತು. ಉಳಿದ ಸ್ಟುಡಿಯೋಗಳಲ್ಲಿ ಬಣ್ಣದ ಪರದೆ ಇರುತ್ತಿತ್ತು. ಅದರ ಮೇಲೆ ಅರಮನೆಯ ಮೆಟ್ಟಿಲು, ಹಂಸ, ಹುಣ್ಣಿಮೆಯ ಚಂದ್ರ. ಚಾಂದ್‌ಪಾಷಾ ಒಂದು ಕರಿ ಕಂಬಳಿಯನ್ನು ಗೋಡೆಗೆ ಹೊಡೆದಿದ್ದರು, ಅಷ್ಟೇ. ಅದರ ಮುಂದೆ ಒಂದು ಕುರ್ಚಿ. ಬಡಗು ಗೋಡೆಗೆ ದೊಡ್ಡ ಕಿಟಕಿ, ಕಿಟಕಿಗೆ ಬಿಳಿ ಧೋತರ. ಕರೆಂಟು ಬಂದರೂ ಹೋದರೂ ಅವರಿಗೆ ಒಂದೇ. ಎದುರಿಗೆ ಮೂರು ಕಾಲಿನ ಮೇಲೆ ಕಟ್ಟಿಗೆಯ ದೊಡ್ಡ ಕ್ಯಾಮೆರಾ, ಅದಕ್ಕೊಂದು ಕರಿ ಬಟ್ಟೆ.

ಬಂದವರ ಮುಖವನ್ನು ಅವರು ಮೊದಲು ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದರು. ಬೆರಳಿನ ಗಂಟು ನೋಡಿ ನಾಟಿ ಹಚ್ಚುವವಳೋ ಕಂಬಳಿ ನೇಯುವವನೋ ತಿಳಿದುಕೊಂಡು, ಆ ಕೆಲಸದ ಮಾತು ತೆಗೆಯುತ್ತಿದ್ದರು. ನಿಮ್ಮ ಹೊಲಕ್ಕೆ ಈ ಸಲ ಕಾಲುವೆಯ ತುದಿನೀರು ಮುಟ್ಟಿತೇ, ಮಗಳನ್ನು ಎಲ್ಲಿ ಕೊಟ್ಟಿರಿ, ಹೀಗೆ. ಕೂತವರು ಮೈ ಬಿಗಿ ಹಿಡಿದಿರುತ್ತಿದ್ದರು. ಅವರು ಕರಿಬಟ್ಟೆಯೊಳಗೆ ಹೋಗಿ, ಹೊರಗೆ ಬಂದು, ಏನೋ ಸರಿಮಾಡಿ, ಕಡೆಗೆ ಆತು ಏಳ್ರಿ ಅನ್ನುತ್ತಿದ್ದರು. ಮುಗಿಯಿತು ಎಂದು ಕೂತವರು ಉಸಿರು ಬಿಟ್ಟಾಗ ಮುಖ ತನ್ನ ಜಾಗಕ್ಕೆ ಬರುತ್ತಿತ್ತಲ್ಲ, ಆಗ ಅವರ ಅಂಗೈಯಲ್ಲಿದ್ದ, ಫೋಟೋ ಹಿಡಿಯುವ ರಬ್ಬರಿನ ಉಂಡೆ ಅಮುಕಿ ಹೋಗಿರುತ್ತಿತ್ತು. ಒಂದೇ ಫಿಲ್ಮು. ಎರಡನೆಯದು ತೆಗೆದದ್ದನ್ನು ನಾನು ಕಾಣೆ.

ಒಮ್ಮೆ ಒಬ್ಬ ಗುಮಾಸ್ತರು ಜೇಬಿನಲ್ಲಿ ನಾಲ್ಕು ಪೆನ್ನು ಸಿಕ್ಕಿಸಿಕೊಂಡು ಬಂದು, ನಾಲ್ಕೂ ಕಾಣಬೇಕು ಎಂದು ಹಟ ಹಿಡಿದರು. ಪೆನ್ನಿನ ಫೋಟೋಕ್ಕೆ ನೀವ್ಯಾಕ ಬರಬೇಕಿತ್ತು ಸಾಹೇಬ್ರ, ಅವನ್ನಷ್ಟ ಕಳಿಸಿದ್ರ ಆಗತಿತ್ತಲ್ಲ ಎಂದು ಚಾಂದ್‌ಪಾಷಾ ಮೆತ್ತಗೆ ಅಂದರು. ಗುಮಾಸ್ತರು ತಡೆಯಲಾರದೆ ನಕ್ಕರು. ಆ ನಗೆಯ ಫೋಟೋಕ್ಕೆ ಕಟ್ಟು ಹಾಕುವಾಗ ನನಗೆ ಕೈ ಓಡಲಿಲ್ಲ. ದಿನಾ ಕಚೇರಿಯ ಮುಂದೆ ನೋಡುತ್ತಿದ್ದ ಸಿಡುಕಿನ ಮನುಷ್ಯ. ಅವನೊಳಗೆ ಇಂಥದೊಂದು ಮುಖ ಇತ್ತೆಂದು ಯಾರಿಗೆ ಗೊತ್ತಿತ್ತು?

ಆ ಕೆಲಸದ ಅರ್ಧ ಪಾಲು ಅವರ ಹೆಂಡತಿ ಸಕೀನಾಬೀ ಅವರದು. ಒಳಗಡೆ ಪರದೆಯ ಹಿಂದೆ ಇಳಿಜಾರು ಮೇಜೊಂದಿತ್ತು. ಮೇಜಿನ ನಡುವೆ ಮಂಜುಗಾಜು, ಅದರ ಕೆಳಗೆ ಬೆಳಕು ಮೇಲಕ್ಕೆ ಬೀಳಿಸುವ ಕನ್ನಡಿ. ಗಾಜಿನ ಮೇಲೆ ಫಿಲ್ಮು ಇಟ್ಟು, ಸೂಜಿಯಂತೆ ಮಸೆದ ಪೆನ್ಸಿಲಿನಿಂದ ಅವರು ಟಚಿಂಗ್ ಮಾಡುತ್ತಿದ್ದರು. ಫಿಲ್ಮಿನಲ್ಲಿ ಎಲ್ಲವೂ ತಿರುಗುಮುರುಗು. ಪೆನ್ಸಿಲ್ ಆಡಿದ ಕಡೆ ಫೋಟೋದಲ್ಲಿ ಬೆಳ್ಳಗಾಗುತ್ತದೆ, ಬ್ಲೇಡಿನ ಮೊನೆಯಿಂದ ಕೆರೆದ ಕಡೆ ಕಪ್ಪಗಾಗುತ್ತದೆ. ಸಿಡುಬಿನ ಕಲೆಗಳನ್ನು ತುಸು ಹದಮಾಡುತ್ತಿದ್ದರು, ಪೂರಾ ಅಳಿಸುತ್ತಿರಲಿಲ್ಲ. ಅವರು ಹೊರಗೆ ಬರುತ್ತಿರಲಿಲ್ಲ. ಎಂಟು ವರ್ಷದಲ್ಲಿ ನಾನು ನೋಡಿದ್ದು ಪರದೆಯ ಅಂಚಿಗೆ ಬಂದು ಫಿಲ್ಮು ಕೊಟ್ಟು ಹೋಗುವ ಬಳೆಗೈ ಒಂದನ್ನೇ. ಅವರೂ ಅಷ್ಟೇ, ಫೋಟೋ ತೆಗೆಸಲು ಬಂದ ಯಾರ ಮುಖವನ್ನೂ ಜೀವಂತ ಕಂಡವರಲ್ಲ. ಫಿಲ್ಮಿನಲ್ಲಿ ಕಂಡದ್ದೇ ಅವರಿಗೆ ಮುಖ.

ಆ ದಿನ ಚಾಂದ್‌ಪಾಷಾ ಬಂದವರೇ ಕ್ಯಾಮೆರಾ ಪೆಟ್ಟಿಗೆ ಹೊತ್ತರು. ಮೂರು ಕಾಲಿನ ಸ್ಟ್ಯಾಂಡು ನಾನು ಹಿಡಿದೆ. ಅಂಥ ಕೆಲಸಕ್ಕೆ ಕರೆದರೆ ನಾನು ಅಂಗಡಿ ಹಾಕಿ ಹೋಗುತ್ತಿದ್ದೆ.

ನಮ್ಮ ಕಡೆ ಬದುಕಿದ್ದಾಗ ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಳಬರಿಗೆ ಅಂಜಿಕೆ ಇತ್ತು. ಹೀಗಾಗಿ ಎಷ್ಟೋ ಜನರ ಮೊದಲನೆಯ ಫೋಟೋ ಸತ್ತ ಮೇಲಿನದೇ. ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಿ, ತಲೆ ವಾಲದಂತೆ ಅದನ್ನು ಮೇಲಿನ ಗೂಟಕ್ಕೆ ಬಿಗಿಯುತ್ತಾರೆ. ಫೋಟೋದವನು ಬಂದು ತೆಗೆಯುತ್ತಾನೆ. ಆಮೇಲೆ ಟಚಿಂಗ್‌ನಲ್ಲಿ ಮುಚ್ಚಿದ ಕಣ್ಣು ತೆರೆಸಿ, ಕಟ್ಟಿದ ಬಟ್ಟೆ ಅಳಿಸಿ ಕೊಡುತ್ತಾರೆ. ಗೋಡೆಯ ಮೇಲೆ ಇಟ್ಟಾಗ ಮನುಷ್ಯ ಮನೆಯವರನ್ನು ನೋಡುತ್ತಾ ಇರಬೇಕು.

ದುರುಗಪ್ಪನನ್ನು ಹಾಗೇ ಕೂಡಿಸಿದ್ದರು. ಐವತ್ತರ ಆಸುಪಾಸು, ಬಲವಾದ ಕೊರಳು, ಹೊಸ ರುಮಾಲು. ಪಕ್ಕದಲ್ಲಿ ಹೆಂಡತಿ ಗಾಳೆಮ್ಮ ಅಳದೆ ಕೂತಿದ್ದಳು. ಚಾಂದ್‌ಪಾಷಾ ಕೈ ಮುಗಿದು, ಬೆಳಕು ನೋಡಿ, ತಮ್ಮ ಕೆಲಸ ಮಾಡಿದರು. ಪೆಟ್ಟಿಗೆ ಮುಚ್ಚುವಾಗ ಮಾಳಿಂಗಪ್ಪ ಹತ್ತಿರ ಬಂದು, ಕಣ್ಣು ಚಂದಗೆ ತೆರೆಸಿ ಕೊಡ್ರಿ ಸಾಬ್ರ ಎಂದು ಹೇಳಿದ. ಅಷ್ಟು ಜನ ಅಲ್ಲಿದ್ದರು. ಬೇರೆ ಮಾತು ಯಾರೂ ಆಡಲಿಲ್ಲ.

ಫೋಟೋ ಹನ್ನೊಂದನೆಯ ದಿನಕ್ಕೆ ತಯಾರಾಯಿತು. ದುಂಡನೆಯ ಎರಡು ಕಣ್ಣು, ನೆಟ್ಟಗಿನ ನೋಟ, ಯಾವುದೋ ಊರಿನ ದೇಸಾಯಿಯಂತೆ ಕಾಣುತ್ತಿದ್ದ. ಸಾಗವಾನಿ ಪಟ್ಟಿಯ ಕಟ್ಟು ಹಾಕಿ ಕೊಟ್ಟೆ. ಮಾಳಿಂಗಪ್ಪ ನೋಡಿ ಖುಷಿಯಾಗಿ ಒಯ್ದ.

ಕಾರಹುಣ್ಣಿಮೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಗಾಳೆಮ್ಮ ಒಬ್ಬಳೇ ನನ್ನ ಅಂಗಡಿಗೆ ಬಂದಳು. ಟವೆಲಿನಲ್ಲಿ ಸುತ್ತಿದ ಕಟ್ಟನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಬಿಚ್ಚಿ ಕೊಡು ಅಂದಳು. ಗೆದ್ದಲು ಹತ್ತಿತೋ, ಮೂಲೆ ಬಿಟ್ಟಿತೋ ಎಂದು ನಾನು ತಿರುಗಿಸಿ ನೋಡಿದೆ. ಏನೂ ಆಗಿರಲಿಲ್ಲ.

"ಕಟ್ಟು ಚಲೋ ಐತಣ್ಣಾ," ಅಂದಳು. "ಒಳಗಿರಾವ ನಮ್ಮಾವಲ್ಲ."

ಹೋದವರ ಮುಖ ಸ್ವಲ್ಪ ಬೇರೆ ಕಾಣುವುದು ಸಹಜ, ನೋಡುತ್ತಾ ನೋಡುತ್ತಾ ರೂಢಿಯಾಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ರೂಢಿಯಾಗುತ್ತದೆ ಎಂದೇ ಬಂದಿದ್ದೇನೆ ಎಂದು ಅವಳು ಉತ್ತರ ಕೊಟ್ಟಳು. ಅದರ ಅರ್ಥ ನನಗೆ ಆಗ ಆಗಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋದೆ.

ಚಾಂದ್‌ಪಾಷಾ ಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಏನು ತಪ್ಪಾಗಿದೆ ಎಂದು ಕೇಳಿದರು.

"ಅವಂಗ ಎಡಗಣ್ಣಾಗ ಹೂ ಬಿದ್ದಿತ್ರಿ. ಸಣ್ಣಾಂವ ಇದ್ದಾಗ ಸಿಡುಬಿನ ಅಮ್ಮ ಬಂದು ಹೋಗಿದ್ಲು. ಅದು ಕಾಣತಿದ್ದಿಲ್ಲ."

ಮುಚ್ಚಿದ ರೆಪ್ಪೆಯ ಕೆಳಗೆ ಕುರುಡುಗಣ್ಣೂ ಕಾಣುವ ಕಣ್ಣೂ ಒಂದೇ ತರ. ಚಾಂದ್‌ಪಾಷಾ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಅವತ್ತ ಯಾಕ ಹೇಳಲಿಲ್ಲವ್ವಾ?"

"ನೀವ್ಯಾಕ ಕೇಳಲಿಲ್ಲ ಸಾಬ್ರ?"

ಹೋದವರ ಕುಂದನ್ನು ಎದುರಿಗೆ ಹೆಣವಿಟ್ಟುಕೊಂಡು ನಮ್ಮ ಜನ ಆಡುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಒಳಗೆ ಪರದೆಯ ಹಿಂದೆ ಪೆನ್ಸಿಲಿನ ಸಪ್ಪಳ ನಿಂತಿತು.

ಗಾಳೆಮ್ಮ ಜಗಳಕ್ಕೆ ಬಂದವಳಲ್ಲ. ನೆಲ ನೋಡುತ್ತಾ, ತಡೆದು ತಡೆದು ಹೇಳಿದಳು. "ದಿನಾ ಎದ್ದು ಇದರ ಮುಂದ ದೀಪ ಹಚ್ಚತೀನ್ರಿ. ಮೊದ್ಲ ಕಣ್ಣು ಮುಚ್ಚಿದ್ರ ಅವ ಬರತಿದ್ದ. ಈಗ ಕಣ್ಣು ಮುಚ್ಚಿದ್ರ ಇವ ಬರತಾನ. ಇನ್ನೊಂದೀಟು ದಿನ ಹೋದ್ರ ಅವ ಬರೂದು ನಿಂತಬಿಡತೈತಿ ನನಗ."

ಇಷ್ಟು ಹೊತ್ತಿಗೆ ನನಗೆ ತಿಳಿಯಿತು. ಫೋಟೋ ಇಲ್ಲದವರ ಮನೆಯಲ್ಲಿ ಮುಖ ನಿಧಾನಕ್ಕೆ ಮಸುಕಾಗುವುದನ್ನು ನಾನು ಕೇಳಿದ್ದೆ. ಫೋಟೋವೇ ಮುಖವನ್ನು ಹೊರಗೆ ಹಾಕುವುದನ್ನು ಮೊದಲ ಸಲ ಕೇಳಿದೆ. ನಾನು ಕಟ್ಟು ಹಾಕಿ ಕೊಟ್ಟ ಎಷ್ಟು ಮನೆಗಳಲ್ಲಿ ಹೀಗಾಗಿರಬಹುದು ಎಂದು ಲೆಕ್ಕ ಹಾಕತೊಡಗಿದೆ.

ಇದು ಪೆನ್ಸಿಲಿನ ತಪ್ಪಲ್ಲ, ನನ್ನ ತಪ್ಪು ಎಂದು ಚಾಂದ್‌ಪಾಷಾ ಪರದೆಗೂ ಕೇಳುವಂತೆ ಹೇಳಿದರು. ಸರಿಮಾಡಿ ಕೊಡುವ ತನಕ ಈ ಫೋಟೋ ಮನೆಗೆ ಒಯ್ಯಬೇಡ, ಎಂಟು ದಿನ ಬಿಟ್ಟು ಬಾ ಅಂದರು.

ಇದ್ದದ್ದು ಅದೊಂದೇ ಫಿಲ್ಮು. ಫೋಟೋದಿಂದ ಮತ್ತೊಂದು ಫಿಲ್ಮು ಮಾಡಬಹುದಿತ್ತು, ಆದರೆ ಮುಖ ಮಂಕಾಗುತ್ತಿತ್ತು. ಸಕೀನಾಬೀ ಎಡ ಬಲ ತಪ್ಪದಂತೆ ಅಂಚಿಗೆ ಗುರುತು ಮಾಡಿಕೊಂಡು, ಎಡಗಣ್ಣಿನಲ್ಲಿ ತಾವೇ ಕೆರೆದಿದ್ದ ಕಪ್ಪನ್ನು ಪೆನ್ಸಿಲಿನಿಂದ ಕಾಳು ಕಾಳಾಗಿ ತುಂಬಿದರು. ಫೋಟೋ ಬಂದಾಗ ಕಣ್ಣಿನ ಮೇಲೆ ತೆಳ್ಳನೆಯ ಬಿಳಿ ಹೂ ಕೂತಿತ್ತು. ಕೆನೆಯಂತೆ. ಮುಟ್ಟಿದರೆ ಬೆರಳಿಗೆ ಹತ್ತುತ್ತದೇನೋ ಅನ್ನುವಂತೆ.

ಎಂಟನೆಯ ದಿನ ಗಾಳೆಮ್ಮನ ಹಿಂದೆ ಮಾಳಿಂಗಪ್ಪನೂ ಬಂದ. ಬಸ್ಸಿನಲ್ಲೇ ಇಬ್ಬರಿಗೂ ಮಾತಾಗಿತ್ತೆಂದು ಕಾಣುತ್ತದೆ. ಹೂ ಬಿದ್ದ ಕಣ್ಣಿನ ಫೋಟೋ ನೋಡಿ ಅವನು ನನ್ನ ಕಡೆ ತಿರುಗಿದ.

"ಇದ್ದಾಗ ಊರೆಲ್ಲ ಒಕ್ಕಣ್ಣ ಒಕ್ಕಣ್ಣ ಅಂತಿತ್ತು. ಸತ್ತ ಮ್ಯಾಲರೆ ಎರಡು ಕಣ್ಣು ಬಂದಿದ್ವು ನಮ್ಮ ತಮ್ಮಗ. ಅದನ್ನೂ ಕಸಗೊಂಡ್ಳು ನೋಡ್ರಿ ಇಕಿ."

"ಒಕ್ಕಣ್ಣ ಅಂತ ಕರದವ್ರೊಳಗ ನೀವ ಮೊದಲನೇಯವ್ರು ಭಾವ," ಅಂದಳು ಗಾಳೆಮ್ಮ, ಫೋಟೋದ ಮೇಲಿನಿಂದ ನೋಟ ತೆಗೆಯದೆ. "ಈಗ ಸುಮ್ಕಿರ್ರಿ."

ಅವನು ಚಹಾ ಕುಡಿದು ಬರುವೆನೆಂದು ಹೊರಗೆ ಹೋದ.

ಗಾಳೆಮ್ಮ ನೋಡಿಯೇ ನೋಡಿದಳು. ಸರಿಯಾಯಿತು ಎಂದು ಹೇಳಬೇಕೆಂದು ಅವಳಿಗೇ ಆಸೆ ಇತ್ತು. ಇಷ್ಟು ತ್ರಾಸು ತೆಗೆದುಕೊಂಡವರ ಮುಂದೆ ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಚಾಂದ್‌ಪಾಷಾ ಅವಳ ಕೈಯನ್ನು ನೋಡುತ್ತಿದ್ದರು. ಕೈ ಫೋಟೋದ ಹತ್ತಿರಕ್ಕೆ ಹೋಗಿರಲಿಲ್ಲ.

"ಹೇಳವ್ವಾ. ಅಂಜಬ್ಯಾಡ."

"ಕಣ್ಣು ಅವನದ ಐತ್ರಿ," ಅಂದಳು. "ನೋಡೂದು ಅವನದಲ್ಲ."

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಚಾಂದ್‌ಪಾಷಾ ಅವಳನ್ನು ಕಂಬಳಿಯ ಮುಂದಿನ ಕುರ್ಚಿಯಲ್ಲಿ ಕೂಡಲು ಹೇಳಿದರು. ನನಗ ಫೋಟೋ ಬ್ಯಾಡ್ರಿ ಎಂದು ಅವಳು ಗಾಬರಿಯಾದಳು. ನಿನ್ನ ಫೋಟೋ ತೆಗೆಯುವುದಿಲ್ಲ ಎಂದು ಮಾತು ಕೊಟ್ಟು, ಫಿಲ್ಮು ಹಾಕದ ಕ್ಯಾಮೆರಾವನ್ನೇ ತೋರಿಸಿ, ಕರಿಬಟ್ಟೆ ಹೊದ್ದುಕೊಂಡರು. ಅವರಿಗೆ ಆ ಬಟ್ಟೆಯೊಳಗಿಂದ ಹೊರತು ಬೇರೆ ಕಡೆಯಿಂದ ನೋಡಲು ಬರುತ್ತಿರಲಿಲ್ಲ ಎಂದು ನನಗೆ ಅನಿಸಿದ್ದುಂಟು.

ಒಳಗಿನಿಂದಲೇ ಮಾತಿಗೆ ಎಳೆದರು. ಕುರಿ ಎಷ್ಟಿದ್ದವು, ಎಲ್ಲಿ ಮೇಯಿಸುತ್ತಿದ್ದ, ಬುತ್ತಿ ಯಾರು ಒಯ್ಯುತ್ತಿದ್ದರು. ಅವಳೇ ಒಯ್ಯುತ್ತಿದ್ದಳಂತೆ. ಕೊಯ್ಲಾದ ಗದ್ದೆಗಳಲ್ಲಿ ಕುರಿ ಬಿಟ್ಟು ಅವನು ಕಾಲುವೆಯ ಏರಿಯ ಮೇಲೆ ಬಡಿಗೆಗೆ ಗದ್ದ ಊರಿ ನಿಂತಿರುತ್ತಿದ್ದ. ದೂರದಿಂದಲೇ ಇವಳ ಹೆಜ್ಜೆ ತಿಳಿಯುತ್ತಿತ್ತು. ಮಾತಾಡುತ್ತಿರಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಹೆಸರು ಹಿಡಿದು ಒಮ್ಮೆಯೂ ಕರೆದವನಲ್ಲ.

"ಮತ್ತ ಕರೀಬೇಕಾದ್ರ?"

"ನೋಡತಿದ್ದ."

"ಹೆಂಗ?"

ಅವಳು ಸೆರಗು ತುಟಿಗೆ ಒತ್ತಿಕೊಂಡಳು. ನನ್ನ ಕಡೆ ಒಮ್ಮೆ ನೋಡಿದಳು. ನಾನು ಬಾಗಿಲ ಕಡೆ ಮುಖ ಮಾಡಿದೆ, ಆದರೆ ಪೂರಾ ಮಾಡಲಿಲ್ಲ. ಅವಳು ಸೆರಗು ಬಿಟ್ಟು, ಹಿಂಗ ನೋಡ್ರಿ ಎಂದು, ಕೊರಳನ್ನು ಎಡ ಹೆಗಲ ಕಡೆ ಒಂದೆರಡು ಬೆರಳು ವಾಲಿಸಿ, ಗದ್ದ ತುಸು ಮೇಲೆತ್ತಿ, ಬಲಗಣ್ಣಿನ ಗುಡ್ಡೆಯನ್ನು ಕಿವಿಯ ಕಡೆಗೆ ಸರಿಸಿದಳು.

ಇದನ್ನು ಹೇಗೆ ಹೇಳಬೇಕೋ ನನಗೆ ತಿಳಿಯದು. ಕುರ್ಚಿಯಲ್ಲಿ ಕೂತಿದ್ದವಳು ಗಾಳೆಮ್ಮ. ಮೂಗುತಿ ಅವಳದು, ಸೀರೆ ಅವಳದು. ಆದರೆ ನಾನು ಹೆಣವಾಗಿ ಮಾತ್ರ ನೋಡಿದ್ದ ಒಬ್ಬ ಗಂಡಸು ಅಲ್ಲಿ ಏರಿಯ ಮೇಲೆ ನಿಂತು, ಬುತ್ತಿ ತರುವವಳನ್ನು ನೋಡುತ್ತಿದ್ದ. ಕುಂದನ್ನು ಮುಚ್ಚಿಕೊಳ್ಳಲು ಕತ್ತು ಹಾಗೆ ವಾಲಿಸಿದ್ದಲ್ಲ. ಇರುವ ಒಂದು ಕಣ್ಣಿನೊಳಗೆ ಅವಳನ್ನು ಪೂರ್ತಿ ಹಿಡಿಸಲು ವಾಲಿಸಿದ್ದು. ಮೂವತ್ತು ವರ್ಷ ದಿನಾ ಆ ನೋಟದ ಎದುರಿಗೆ ನಡೆದು ಬಂದವಳ ಮುಖದೊಳಗೆ ಅದು ಇಳಿದು ಕೂತಿತ್ತು.

ಕರಿಬಟ್ಟೆಯೊಳಗಿಂದ ಚಾಂದ್‌ಪಾಷಾ ಮೆಲ್ಲಗೆ ಹೆಂಡತಿಯ ಹೆಸರು ಹಿಡಿದು ಕರೆದರು.

ಪರದೆ ಸರಿಯಿತು. ಎಂಟು ವರ್ಷದಲ್ಲಿ ಮೊದಲ ಸಲ ಸಕೀನಾಬೀ ಹೊರಗೆ ಬಂದರು. ತಲೆಯ ತುಂಬ ಸೆರಗು, ಕಿವಿಯಲ್ಲಿ ಪೆನ್ಸಿಲು, ಫಿಲ್ಮು ನೋಡಿ ನೋಡಿ ಕಿರಿದಾದ ಕಣ್ಣು. ನನ್ನನ್ನು ಲೆಕ್ಕಕ್ಕೆ ಇಡದೆ ಹೋಗಿ ಗಾಳೆಮ್ಮನ ಎದುರು ನೆಲದ ಮೇಲೆ ಕೂತರು.

"ಮತ್ತೊಮ್ಮಿ ತೋರಸು ತಂಗೀ."

ಗಾಳೆಮ್ಮ ತೋರಿಸಿದಳು. ಸಕೀನಾಬೀ ಬೆರಳಿನಿಂದ ಗಾಳಿಯಲ್ಲೇ ಏನೋ ಗುರುತು ಹಾಕಿಕೊಂಡರು. ಇನ್ನೊಮ್ಮೆ ಅಂದರು. ಐದಾರು ಸಲ ಆಯಿತು. ಕಡೆಗೆ ಅವಳ ಗದ್ದ ಹಿಡಿದು, ಈ ಕಣ್ಣ ಕೆಳಗಿನ ಗೆರೆ ಅವನದೋ ನಿನ್ನದೋ ಎಂದು ಕೇಳಿದರು. ಅವನು ನಕ್ಕರೆ ಅಲ್ಲಿ ಗೆರೆ ಬೀಳುತ್ತಿತ್ತು ಎಂದು ಗಾಳೆಮ್ಮ ಹೇಳುತ್ತಾ ಹೇಳುತ್ತಾ ಅತ್ತಳು. ಗಂಡನ ಹೆಣದ ಪಕ್ಕದಲ್ಲಿ ಕೂತಾಗ ಅಳದವಳು. ಸಕೀನಾಬೀ ಅವಳ ಮೊಣಕಾಲು ಹಿಡಿದು, ಅಳು ಮುಗಿಯುವ ತನಕ ಕೂತಿದ್ದು, ಎದ್ದು ಒಳಗೆ ಹೋದರು.

ಫಿಲ್ಮು ಹಾಕಿದ್ದರೆ ಆ ನೋಟ ಸಿಗುತ್ತಿತ್ತಲ್ಲ ಎಂದು ನಾನು ಆಮೇಲೆ ಚಾಂದ್‌ಪಾಷಾ ಅವರನ್ನು ಕೇಳಿದೆ. ಅದು ಅವಳ ಮುಖದಲ್ಲಿ ಇಟ್ಟುಕೊಂಡದ್ದು, ಕೇಳಿದ್ದಕ್ಕೆ ತೋರಿಸಿದಳು, ತೆಗೆಯಲಿಕ್ಕೆ ನನಗೆ ಕೊಟ್ಟದ್ದಲ್ಲ ಅಂದರು.

ಕೆಲಸ ಸುಲಭದ್ದಿರಲಿಲ್ಲ. ಗೂಟಕ್ಕೆ ಬಿಗಿದ ತಲೆ ನೆಟ್ಟಗಿತ್ತು. ಹೆಣದ ಕೊರಳು ಯಾವ ಪೆನ್ಸಿಲಿಗೂ ವಾಲುವುದಿಲ್ಲ. ಮೂರು ದಿನ ಗಂಡ ಹೆಂಡತಿ ಅದನ್ನೇ ಮಾತಾಡಿದರು. ಕಡೆಗೆ ಚಾಂದ್‌ಪಾಷಾ ಪ್ರಿಂಟು ಹಾಕುವ ಕಾಗದವನ್ನೇ ಓರೆಯಾಗಿ ಇಟ್ಟರು. ತಲೆ ವಾಲಿತು, ಜೊತೆಗೆ ಹೆಗಲೂ ವಾಲಿ, ಮನುಷ್ಯ ಬಂಡಿಯಿಂದ ಬೀಳುವವನಂತೆ ಕಂಡ. ಆಗ ನನ್ನನ್ನು ಕರೆದರು. ನಾನು ರಟ್ಟನ್ನು ಚೌಕಕ್ಕೆ ಬದಲು ಮೊಟ್ಟೆಯ ಆಕಾರಕ್ಕೆ ಕೊಯ್ದು, ಹೆಗಲ ಗೆರೆ ಮುಚ್ಚುವಂತೆ, ಕೊರಳ ಮೇಲಿನದಷ್ಟೇ ಕಾಣುವಂತೆ ಕೂಡಿಸಿ ನೋಡಿದೆ. ನಾಲ್ಕು ರಟ್ಟು ಕೆಟ್ಟವು. ಒಂದು ಕೂದಲೆಳೆ ಹೆಚ್ಚು ತಿರುಗಿದರೆ ಕುಡಿದವನಂತೆ, ಒಂದು ಕೂದಲೆಳೆ ಕಡಿಮೆಯಾದರೆ ಮತ್ತೆ ಆ ದೇಸಾಯಿಯೇ. ಅತ್ತ ಸಕೀನಾಬೀ ಬಲಗಣ್ಣಿನ ಕಪ್ಪನ್ನು ತುಂಬಿ, ಕಿವಿಯ ಕಡೆ ಸಾಸಿವೆಯ ಅರ್ಧದಷ್ಟು ಸರಿಸಿ ಹೊಸದಾಗಿ ಕೆರೆದರು. ಬ್ಲೇಡು ಒಂದಿಷ್ಟು ಆಳಕ್ಕೆ ಇಳಿದಿದ್ದರೆ ಆ ಕಣ್ಣು ಇರುತ್ತಿರಲಿಲ್ಲ. ಅವತ್ತು ಅವರು ರೊಟ್ಟಿ ತಿನ್ನದೆಯೇ ಕೆಲಸಕ್ಕೆ ಕೂತರು. ತಿಂದರೆ ಕೈ ಭಾರವಾಗುತ್ತದೆ ಅಂದರಂತೆ.

ಆಮೇಲೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ವರ್ಷದಿಂದ ಚಾಂದ್‌ಪಾಷಾ ಹೆಣದ ಕಣ್ಣು ತೆರೆಸುವುದನ್ನು ಬಿಟ್ಟರು. ಕೇಳಿದವರಿಗೆ, ಮುಚ್ಚಿದ್ದನ್ನ ಮುಚ್ಚಿದಂಗ ಕೊಡತೀನಿ ಅನ್ನುತ್ತಿದ್ದರು. ಅದರ ಬದಲು ಬದುಕಿದ್ದವರನ್ನು ಹುಡುಕಿಕೊಂಡು ಹೊರಟರು. ವಾರಕ್ಕೊಮ್ಮೆ ಕ್ಯಾಮೆರಾ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿ ದಢೇಸುಗೂರು, ಜವಳಗೇರಾ, ಮಸ್ಕಿ, ತಮ್ಮ ಲಿಂಗಸುಗೂರು, ಹೀಗೆ ಹೋಗಿ ಮುದುಕರ ಜೊತೆ ಕಟ್ಟೆಯ ಮೇಲೆ ಕೂಡುತ್ತಿದ್ದರು. ಮೊದಲ ಸಲ ಬರೀ ಮಾತು. ಎರಡನೆಯ ಸಲ ಒಪ್ಪಿದರೆ ಫೋಟೋ. ಮಸ್ಕಿಯ ಗುಡ್ಡದ ಬುಡದ ಆದೆಮ್ಮ ಎಂಬ ಮುದುಕಿ, ಫೋಟೋ ತಗದ್ರ ಆಯುಷ್ಯ ಕಮ್ಮಿ ಆಕ್ಕೈತಿ ಎಂದು ಬಾಗಿಲು ಹಾಕಿಕೊಂಡಳು. ನನ್ನ ಫೋಟೋ ನೂರು ಸಲ ತಗದಾರ, ಇನ್ನೂ ಅದೀನಿ ನೋಡು ಅಂದರು ಇವರು. ನಿನ್ನ ಮಾರಿಗೆ ಯಮನೂ ಹೆದರ್ಯಾನ ತಗೋ ಎಂದು ಒಳಗಿನಿಂದಲೇ ಅಂದು, ನಕ್ಕು, ಬಾಗಿಲು ತೆರೆದಳು. ಆ ನಗೆಯೇ ಫೋಟೋ ಆಯಿತು. ಹತ್ತು ವರ್ಷದಲ್ಲಿ ಅಂಥ ಎಷ್ಟು ಮುಖ ನನ್ನ ಮೇಜಿನ ಮೇಲೆ ಹಾದುಹೋದವು. ಒಂದೊಂದೂ ಒಂದೊಂದು ಊರಿನಷ್ಟು ದೊಡ್ಡದು. ವೋಟಿನ ಚೀಟಿಗೆ ಫೋಟೋ ತೆಗೆಯುವ ಕೆಲಸ ಬಂದ ವರ್ಷ ಇವರನ್ನೂ ಕರೆದಿದ್ದರು. ಉಳಿದವರು ದಿನಕ್ಕೆ ಮುನ್ನೂರು ಮುಗಿಸಿದರೆ ಇವರು ಎಂಬತ್ತಕ್ಕೆ ನಿಂತರು. ಪ್ರತಿಯೊಬ್ಬರ ಕೈ ನೋಡುತ್ತಾ ಕೂತರೆ ಇನ್ನೇನಾಗುತ್ತದೆ. ಮರುದಿನ ಕರೆಯಲಿಲ್ಲ, ಇವರೂ ಹೋಗಲಿಲ್ಲ. ಕಲರ್ ಬಂದ ಮೇಲೆ ಅದನ್ನೂ ಮಾಡಿದರು. ಆದರೆ ಮುದುಕರಿಗೆ ಮಾತ್ರ ಕಡೆಯವರೆಗೂ ಆ ಕಟ್ಟಿಗೆಯ ಕ್ಯಾಮೆರಾನೇ.

ಆ ಮುಖಗಳಿಗೆಲ್ಲ ಮೊದಲು ಗಾಳೆಮ್ಮನ ಈ ಒಂದು ಫೋಟೋ.

ಹದಿನೈದು ದಿನಕ್ಕೆ ಕೆಲಸ ಮುಗಿಯಿತು. ಬಳಗಾನೂರಿನ ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದೆವು. ಅವಳು ಬಂದಾಗ ಹೊತ್ತು ಹನ್ನೊಂದರ ಸುಮಾರು. ಕಟ್ಟನ್ನು ನನ್ನ ಮೇಜಿನ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಿದ್ದೆ. ಚಾಂದ್‌ಪಾಷಾ ತಮ್ಮ ಬಾಗಿಲಲ್ಲೇ ನಿಂತರು, ಹತ್ತಿರ ಬರಲಿಲ್ಲ. ಅವರ ಹಿಂದೆ ಪರದೆಯ ಅಂಚಿನಲ್ಲಿ ಬಳೆಗೈ ಕಂಡಿತು.

ಗಾಳೆಮ್ಮ ಮೆಟ್ಟಿಲು ಹತ್ತಿ ಬಂದು, ಗಾಜಿನ ಪೆಟ್ಟಿಗೆ ಅಡ್ಡ ಇದ್ದದ್ದರಿಂದ ಮೇಜಿನ ಬಲತುದಿಗೆ ನಿಂತಳು. ಫೋಟೋದ ಹೂ ಬಿದ್ದ ಕಣ್ಣು ಇದ್ದದ್ದು ಆ ಕಡೆಗೆ. ನೋಡಿದಳು. ಅವಳ ಮುಖದ ಮೇಲೆ ಏನೂ ಕಾಣಲಿಲ್ಲ. ಈ ಸಲವೂ ಆಗಲಿಲ್ಲವೇನೋ ಎಂದುಕೊಂಡೆ. ಹೊರಗೆ ಒಂದು ಟ್ರ್ಯಾಕ್ಟರ್ ಹೋಯಿತು.

ಆಮೇಲೆ ಅವಳು ಗಾಜಿನ ಪೆಟ್ಟಿಗೆಯನ್ನು ಸುತ್ತು ಹಾಕಿ, ನನ್ನ ಮಗ್ಗುಲಿನಿಂದ ಹಾದು, ಮೇಜಿನ ಎಡತುದಿಗೆ ಬಂದು ನಿಂತಳು. ಯಾಕೆ ಬಂದಳೆಂದು ಅವಳಿಗೇ ಗೊತ್ತಿರಲಿಕ್ಕಿಲ್ಲ. ಕಾಲು ತಂದು ನಿಲ್ಲಿಸಿದ್ದು. ಅದು ಅವನ ಕಾಣುವ ಕಣ್ಣಿನ ಕಡೆ. ಮೂವತ್ತು ವರ್ಷ ಅವಳು ಆ ಮನುಷ್ಯನ ಹತ್ತಿರ ಹೋದಾಗಲೆಲ್ಲ ನಿಲ್ಲುತ್ತಿದ್ದ ಜಾಗ.

ನಾನು ಚಾಂದ್‌ಪಾಷಾ ಅವರ ಕಡೆ ನೋಡಿದೆ. ಅವರೂ ಅದನ್ನು ಕಂಡಿದ್ದರು.

ಗಾಳೆಮ್ಮ ಬೆರಳ ತುದಿಯಿಂದ ಗಾಜನ್ನು ಮುಟ್ಟಿದಳು. "ಹೂಂ," ಅಂದಳು. "ಇವ."

ಎರಡು ಕಣ್ಣಿನ ಹಳೆಯ ಫೋಟೋ ಬೇಕೇ ಎಂದು ನಾನು ಕೇಳಿದೆ. ಭಾವನಿಗೆ ಕೊಡುವೆ, ಅವನಿಗೆ ಅದು ಮನಸ್ಸಿಗೆ ಬಂದಿದೆ ಎಂದು ಹೇಳಿ, ಅದನ್ನೂ ತೆಗೆದುಕೊಂಡು ಚೀಲದ ತಳಕ್ಕೆ ಹಾಕಿದಳು. ಹೊಸದನ್ನು ಟವೆಲಿನಲ್ಲಿ ಸುತ್ತಿ, ಮುಖ ತನ್ನ ಕಡೆಗೆ ಬರುವಂತೆ ಎದೆಗೆ ಅವಚಿಕೊಂಡಳು. ಸ್ಟುಡಿಯೋದ ಮುಂದೆ ಒಂದು ಕ್ಷಣ ನಿಂತು, ಪರದೆಯ ಕಡೆಗೆ ನೋಡಿ, ಬರತೀನಿ ಬೂಬಮ್ಮ ಅಂದಳು. ಹನ್ನೆರಡರ ಬಳಗಾನೂರು ಬಸ್ಸಿಗೆ ಗಾಳೆಮ್ಮ ಹೋದಳು. ಅವತ್ತು ಗುರುವಾರ.